ಲೈಸೆನ್ಸು ಒಬ್ಬರದು, ಆಳು ಇನ್ನೊಬ್ಬರದು, ಹೊಣೆ ಯಾರದು?

(ಗಿರಣಿ ಕಾರ್ಮಿಕರೂ ಸಣ್ಣ ವ್ಯಾಪಾರಸ್ಥರೂ ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ಪಗಾರ, ಬೋನಸ್ಸು, ಅಂಗಡಿ ಬಾಡಿಗೆ, ತೆರಿಗೆ ಇವುಗಳ ಮಾತಾಡಲು ನಾವು ಎಷ್ಟೋ ಸಲ ಸೇರಿದ್ದೇವೆ. ಇವತ್ತಿನ ವಿಷಯ ಕೇಳಿ ಕೆಲವರು, "ಇದೇನು, ವೈರಿಂಗಿನ ಮಾತಿಗೂ ಒಂದು ಸಭೆಯೇ?" ಎಂದು ನಕ್ಕರು. ನಗಲಿ. ಆದರೆ ಒಂದು ಪ್ರಶ್ನೆಗೆ ಉತ್ತರ ಹೇಳಿ ನಗಲಿ: ನಿಂತು ಕೆಲಸ ಮಾಡಿಸುವವನು ಒಬ್ಬ, ಕೂಲಿ ಕೊಡುವವನು ಮತ್ತೊಬ್ಬ, ಕೆಲಸ ಬೇಕೆಂದವನು ಮೂರನೆಯವ ಆದಾಗ, ಏಣಿಯಿಂದ ಶಾಕ್ ಹೊಡೆದು ಬಿದ್ದವನ ಮನೆಗೆ ಯಾರು ಹೋಗಬೇಕು? ಅವನ ಹೆಂಡತಿ ಯಾರ ಬಾಗಿಲು ತಟ್ಟಬೇಕು? ಈ ಒಂದು ಪ್ರಶ್ನೆಗಾಗಿಯೇ ಇಂದು ನಾವು ಸೇರಿದ್ದೇವೆ.

ನಮ್ಮ ನಾಡಿನಲ್ಲಿ ವಿದ್ಯುಚ್ಛಕ್ತಿ ಹುಟ್ಟಿದ್ದು ಶ್ರೀಮಂತರ ಮನೆಯ ದೀಪಕ್ಕಾಗಿ ಅಲ್ಲ, ದುಡಿಮೆಗಾಗಿ. 1902ರಲ್ಲಿ ಶಿವನಸಮುದ್ರದಿಂದ ಹೊರಟ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ. ಬೆಂಗಳೂರಿನ ದೀಪಗಳು ಹೊತ್ತಿದ್ದು 1905ರಲ್ಲಿ. ಅಂದಿನಿಂದ ಇಂದಿನವರೆಗೆ ಮಗ್ಗವಿರಲಿ, ಅಕ್ಕಿ ಗಿರಣಿಯಿರಲಿ, ಎಣ್ಣೆಯ ಗಾಣವಿರಲಿ, ಕಿರಾಣಿ ಅಂಗಡಿಯ ಫ್ರಿಜ್ಜೇ ಇರಲಿ, ಇದಿಲ್ಲದೆ ನಡೆಯುವ ಕಸುಬಿಲ್ಲ. ಆದರೆ ಬೇರೆ ಕೆಲಸಕ್ಕೂ ಇದಕ್ಕೂ ಒಂದು ವ್ಯತ್ಯಾಸವುಂಟು. ಗೌಂಡಿ ಗೋಡೆಯನ್ನು ವಾರೆಯಾಗಿ ಕಟ್ಟಿದರೆ ದಾರಿಹೋಕನಿಗೂ ಕಾಣುತ್ತದೆ. ತಂತಿಯೊಳಗೆ ಕರೆಂಟು ಇದೆಯೋ ಇಲ್ಲವೋ ಕಣ್ಣಿಗೆ ಕಾಣದು. ಮುಟ್ಟಿ ತಿಳಿದವನು ಹೇಳಲು ಉಳಿಯದು. ಆದ್ದರಿಂದಲೇ ಈ ಕೆಲಸಕ್ಕೆ ಸರಕಾರ ಪರವಾನಗಿ ಬೇಕೆಂದಿತು.

ಮೂರು ಕಾಗದ

ಆ ಪರವಾನಗಿ ಏನೆಂಬುದನ್ನು ಮೊದಲು ತಿಳಿಯೋಣ. 1956ರ ಭಾರತೀಯ ವಿದ್ಯುತ್ ನಿಯಮಗಳಲ್ಲಿ 45ನೆಯ ನಿಯಮವೊಂದಿತ್ತು. 2010ರಲ್ಲಿ ಕೇಂದ್ರ ವಿದ್ಯುತ್ ಪ್ರಾಧಿಕಾರ ಹೊಸ ಸುರಕ್ಷತಾ ನಿಯಮಾವಳಿ ತಂದಿತು, 2023ರಲ್ಲಿ ಅದರ ಜಾಗಕ್ಕೆ ಮತ್ತೊಂದು ಬಂದಿತು. ಪುಸ್ತಕ ಬದಲಾದರೂ ಮಾತು ಬದಲಾಗಲಿಲ್ಲ. ಬಲ್ಬು, ಫ್ಯೂಸು, ಸ್ವಿಚ್ಚು, ಫ್ಯಾನು ಇಂಥವನ್ನು ಇದ್ದಂತೆಯೇ ಬದಲಿಸುವುದನ್ನು ಬಿಟ್ಟರೆ, ಉಳಿದ ಯಾವುದೇ ವಿದ್ಯುತ್ ಕೆಲಸ ಮೂರು ಕಾಗದಗಳಿಲ್ಲದೆ ನಡೆಯಕೂಡದು. ಒಂದು, ರಾಜ್ಯ ಸರಕಾರ ಕೊಟ್ಟ ಕಂತ್ರಾಟುದಾರನ ಲೈಸೆನ್ಸು. ಎರಡು, ಮೇಲ್ವಿಚಾರಕನ ಅರ್ಹತಾ ಪತ್ರ. ಮೂರು, ಕೈಯಿಂದ ಕೆಲಸ ಮಾಡುವ ವೈರ್‌ಮನ್ನನ ಪರವಾನಗಿ. ಮೇಲ್ವಿಚಾರಣೆ ನೇರವಾಗಿರಬೇಕು ಎಂದೂ ನಿಯಮ ಹೇಳುತ್ತದೆ. ಈ "ನೇರ" ಎಂಬ ಮಾತನ್ನು ನೆನಪಿಡಿ. ಟೆಲಿಫೋನಿನಲ್ಲಿ ಹೇಳುವುದು ನೇರವಲ್ಲ. ಸಂಜೆ ಬಂದು ಸಹಿ ಹಾಕುವುದು ನೇರವಲ್ಲ. ಈ ನಿಯಮ ಮೀರಿ ಮಾಡಿದ ಕೆಲಸಕ್ಕೆ ವಿದ್ಯುತ್ ಸಂಪರ್ಕವನ್ನೇ ಕೊಡಬಾರದೆಂದೂ ಅಲ್ಲಿದೆ.

ನಿಯಮದ ಅರ್ಥ ಸರಳ. ಬಲ್ಲವನು ಮುಂದೆ ನಿಲ್ಲಬೇಕು, ಕಲಿತವನು ಕೈ ಹಾಕಬೇಕು, ಲೈಸೆನ್ಸುದಾರ ಹೊಣೆ ಹೊರಬೇಕು. ಮೂವರೂ ಒಂದೇ ಮನೆಯವರಾದರೆ ತೊಡಕಿಲ್ಲ. ಕಂತ್ರಾಟುದಾರನೇ ಕೂಲಿ ಕೊಡುತ್ತಾನೆ, ಅವನ ಮೇಲ್ವಿಚಾರಕನೇ ನಿಂತಿರುತ್ತಾನೆ, ಅವನ ಹಾಜರಿ ಪುಸ್ತಕದಲ್ಲೇ ವೈರ್‌ಮನ್ನನ ಹೆಸರಿರುತ್ತದೆ. ಏನಾದರೂ ಆದರೆ ಯಾರನ್ನು ಕೇಳಬೇಕೆಂಬುದು ಮಗುವಿಗೂ ಗೊತ್ತು.

ಮನೆ ಮೂರಾದಾಗ

ಆದರೆ ಇವತ್ತು ಕೆಲಸ ನಡೆಯುವ ರೀತಿ ಬೇರೆ. ಒಂದು ಗಿರಣಿ ಇದೆ ಎಂದಿಟ್ಟುಕೊಳ್ಳಿ. ಹೊಸ ಶೆಡ್ಡಿಗೆ ಕೇಬಲ್ ಎಳೆದು ಪ್ಯಾನೆಲ್ ಕೂರಿಸಬೇಕು. ಗಿರಣಿಯವರು ಲೈಸೆನ್ಸಿದ್ದ ಒಬ್ಬ ಕಂತ್ರಾಟುದಾರನನ್ನು ಕರೆದರು. ಅವನು, "ಮೇಲ್ವಿಚಾರಕನನ್ನು ಕೊಡುತ್ತೇನೆ, ಆಳು ನೀವೇ ನೋಡಿಕೊಳ್ಳಿ" ಎಂದ. ಗಿರಣಿಯವರು ಆಳು ಒದಗಿಸುವ ಏಜೆನ್ಸಿಯಿಂದ ನಾಲ್ವರನ್ನು ತರಿಸಿದರು. ಸಾಲದ್ದಕ್ಕೆ ತಮ್ಮದೇ ಇಬ್ಬರು ಹೆಲ್ಪರುಗಳನ್ನು ಸೇರಿಸಿದರು. ಈಗ ಆರು ಜನ ಕೆಲಸಗಾರರು, ಮೂರು ಜನ ಧಣಿಗಳು. ಮಧ್ಯಾಹ್ನ ಮೇಲ್ವಿಚಾರಕ ಇನ್ನೊಂದು ಕೆಲಸ ನೋಡಲು ಹೋದ. ಗಿರಣಿಯ ಯಾರೋ, ಮೆಷಿನ್ನು ನಿಂತಿದೆಯೆಂದು ಮೇನ್ ಸ್ವಿಚ್ಚು ಹಾಕಿದರು. ತುದಿಯಲ್ಲಿ ತಂತಿ ಹಿಡಿದಿದ್ದವನು ಏಜೆನ್ಸಿಯ ಹುಡುಗ.

ಮರುದಿನ ಏನು ಕೇಳಿಬರುತ್ತದೆ? ಗಿರಣಿಯವರು, "ಕೆಲಸ ಕಂತ್ರಾಟುದಾರನದು, ಅವನ ಮೇಲ್ವಿಚಾರಣೆ" ಎನ್ನುತ್ತಾರೆ. ಕಂತ್ರಾಟುದಾರ, "ನಾನು ಕೆಲಸ ತೋರಿಸಿದವನು ಮಾತ್ರ, ಆ ಹುಡುಗ ನನ್ನ ಪಗಾರ ಪಟ್ಟಿಯಲ್ಲಿಲ್ಲ" ಎನ್ನುತ್ತಾನೆ. ಏಜೆನ್ಸಿಯವನು, "ನಾನು ಆಳು ಕಳಿಸಿದ್ದು ಸಾಮಾನು ಹೊರಲು, ತಂತಿ ಮುಟ್ಟೆಂದು ಹೇಳಿದವರು ಯಾರೋ" ಎನ್ನುತ್ತಾನೆ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಇದಕ್ಕೇ ಹುಟ್ಟಿದಂತಿದೆ.

ಇನ್ನೊಂದು ರೀತಿ ಇದಕ್ಕಿಂತ ಕೆಟ್ಟದ್ದು. ಲೈಸೆನ್ಸುದಾರ ಕೆಲಸದ ಜಾಗಕ್ಕೆ ಕಾಲೇ ಇಡುವುದಿಲ್ಲ. ಅವನ ಹೆಸರನ್ನೂ ಮೊಹರನ್ನೂ ಬಾಡಿಗೆಗೆ ಪಡೆದು ಮತ್ತೊಬ್ಬ ಮೇಸ್ತ್ರಿ ಕೆಲಸ ಮುಗಿಸುತ್ತಾನೆ. ಕೊನೆಗೆ ಕಂಪ್ಲೀಷನ್ ರಿಪೋರ್ಟಿಗೆ ಸಹಿ ಬೀಳುತ್ತದೆ. ಹತ್ತು ವರ್ಷ ದುಡಿದು ಕೈ ಪಳಗಿಸಿಕೊಂಡ ಬಡ ವೈರ್‌ಮನ್ನನ ಹತ್ತಿರ ಕಾಗದವಿಲ್ಲ. ಕಾಗದವಿದ್ದವನು ಕೆಲಸದ ಬಳಿ ಇಲ್ಲ. ಬೆವರು ಒಬ್ಬನದು, ಬಾಡಿಗೆ ಇನ್ನೊಬ್ಬನಿಗೆ. ಆಪತ್ತು ಬಂದಾಗ ಆ ಸಹಿ ಹಾಕಿದವನಿಗೂ ಉರುಳು ತಪ್ಪದು ಎಂಬುದನ್ನು ಅವನೂ ತಿಳಿದಿರಲಿ.

ಎರಡು ಕಾನೂನು, ನಡುವೆ ಒಂದು ಕಂದಕ

ಈ ಗೊಂದಲ ಬರೀ ಜನರ ಕುಯುಕ್ತಿಯಿಂದ ಆದದ್ದಲ್ಲ. ಕಾನೂನಿನಲ್ಲೇ ಒಂದು ಕಂದಕವಿದೆ. ವಿದ್ಯುತ್ತಿನ ಕಾನೂನು, "ಮೇಲ್ವಿಚಾರಣೆ ಯಾರದು?" ಎಂದು ಕೇಳುತ್ತದೆ. ಕಾರ್ಮಿಕರ ಕಾನೂನು, "ನೇಮಿಸಿದವರು ಯಾರು, ಕೂಲಿ ಕೊಟ್ಟವರು ಯಾರು, ತೆಗೆದುಹಾಕುವ ಅಧಿಕಾರ ಯಾರದು?" ಎಂದು ಕೇಳುತ್ತದೆ. ಗುತ್ತಿಗೆದಾರ ಒದಗಿಸಿದ ಆಳಿಗೆ ಕೆಲಸದ ಜಾಗದಲ್ಲಿ ಇಂಥದ್ದು ಮಾಡು, ಅಲ್ಲಿಗೆ ಹೋಗು ಎಂದು ಹೇಳಿದ ಮಾತ್ರಕ್ಕೆ ಹಾಗೆ ಹೇಳಿದವರು ಧಣಿಯಾಗುವುದಿಲ್ಲ, ಆ ಹತೋಟಿ ಎರಡನೆಯ ದರ್ಜೆಯದು ಎಂದು ಸುಪ್ರೀಂ ಕೋರ್ಟು 2009ರಲ್ಲಿ ವಿಮಾನ ನಿಲ್ದಾಣ ಪ್ರಾಧಿಕಾರದ ಮೊಕದ್ದಮೆಯಲ್ಲಿ ಹೇಳಿತು. ಹೀಗಾಗಿ ಆಜ್ಞೆ ಮಾಡುವ ಅಧಿಕಾರವಿದ್ದವನು ಕೂಲಿಗೆ ಹೊಣೆಯಲ್ಲ, ಕೂಲಿ ಕೊಡುವವನಿಗೆ ಆಜ್ಞೆ ಮಾಡುವ ಅರ್ಹತೆಯಿಲ್ಲ. ಇಬ್ಬರ ನಡುವಿನ ಕಂದಕಕ್ಕೆ ಬೀಳುವವನು ಕೆಲಸಗಾರ.

ಇದು ಬರೀ ತರ್ಕವಲ್ಲ. ಕಲ್ಕತ್ತೆಯಲ್ಲಿ ನಡೆದ ಮೊಕದ್ದಮೆಯೊಂದನ್ನು ಕೇಳಿ. ಅಲ್ಲಿನ ಎಲೆಕ್ಟ್ರಿಕ್ ಸಪ್ಲೈ ಕಾರ್ಪೊರೇಷನ್ನು ರಸ್ತೆ ಅಗೆದು ಕೇಬಲ್ ಹೂಳುವ ಕೆಲಸವನ್ನು, ತಂತಿ ಮಾರ್ಗಗಳ ಕೆಲಸವನ್ನು ವಿದ್ಯುತ್ ಕಂತ್ರಾಟುದಾರರಿಗೆ ವಹಿಸಿತ್ತು. ಈ ಕಂತ್ರಾಟುದಾರರ ಕೂಲಿಗಳಿಗೆ ರಾಜ್ಯ ಕಾರ್ಮಿಕರ ವಿಮೆ, ಅಂದರೆ ಇ.ಎಸ್.ಐ. ಅನ್ವಯಿಸುತ್ತದೆಯೇ ಎಂಬುದು ವಿವಾದ. ಅಂದಿನ ಕಾಯಿದೆಯಂತೆ ಕೆಲಸ ಕಂಪನಿಯ ಆವರಣದೊಳಗೆ ನಡೆದರೆ ವಿಮೆ ಉಂಟು. ಹೊರಗೆ ನಡೆದರೆ ಕಂಪನಿಯ ಅಥವಾ ಅದರ ಏಜೆಂಟನ ಮೇಲ್ವಿಚಾರಣೆ ಇರಬೇಕು. ಇವರು ದುಡಿದದ್ದು ಬೀದಿಯಲ್ಲಿ. ಹಾಗಾದರೆ ಲೈಸೆನ್ಸಿನ ಬಲದಿಂದ ಮೇಲೆ ನಿಂತಿದ್ದ ಕಂತ್ರಾಟುದಾರ ಕಂಪನಿಯ ಏಜೆಂಟನೇ? ಕೆಲಸ ಮುಗಿದ ಮೇಲೆ ಕಂಪನಿಯವರು ನೋಡಿ ಒಪ್ಪುವುದು ಮೇಲ್ವಿಚಾರಣೆಯೇ? 1991ರಲ್ಲಿ ಸುಪ್ರೀಂ ಕೋರ್ಟಿನ ಬಹುಮತದ ತೀರ್ಪು ಎರಡಕ್ಕೂ ಅಲ್ಲ ಎಂದಿತು. ಕಂತ್ರಾಟುದಾರ ತನ್ನ ಒಪ್ಪಂದ ಪೂರೈಸಲು ತನ್ನ ಆಳುಗಳ ಮೇಲೆ ನಿಂತ, ಕಂಪನಿಯ ಪರವಾಗಿ ಅಲ್ಲ ಎಂದಿತು. ನ್ಯಾಯಮೂರ್ತಿ ಕೆ. ರಾಮಸ್ವಾಮಿಯವರು ಒಪ್ಪಲಿಲ್ಲ, ದುಡಿಯುವವನ ಆರೋಗ್ಯ ಅವನ ಮೂಲಭೂತ ಹಕ್ಕಿಗೆ ಸೇರಿದ್ದು ಎಂಬ ನೆಲೆಯಲ್ಲಿ ಭಿನ್ನ ತೀರ್ಪು ಬರೆದರು. ಆದರೆ ಗೆದ್ದದ್ದು ಬಹುಮತ. ಗೇಟಿನ ಒಳಗೆ ಬಿದ್ದವನಿಗೆ ಆಸ್ಪತ್ರೆ, ಗೇಟಿನ ಹೊರಗೆ ಬಿದ್ದವನಿಗೆ ಬೀದಿ ಎಂಬಂತಾಯಿತು.

ಈಗ ಏನು ಬದಲಾಗಿದೆ

ಕಾರ್ಮಿಕರ ಹಳೆಯ ಕಾಯಿದೆಗಳನ್ನು ನಾಲ್ಕು ಸಂಹಿತೆಗಳಾಗಿ ಮಾಡಿ, ಕೇಂದ್ರ ಸರಕಾರ 2025ರ ನವೆಂಬರ್ 21ರಿಂದ ಜಾರಿಗೆ ತಂದಿತು. ಇದರಲ್ಲಿ ನಮಗೆ ಬಂದದ್ದೆಷ್ಟು, ಹೋದದ್ದೆಷ್ಟು ಎಂದು ನಿಷ್ಪಕ್ಷಪಾತವಾಗಿ ತೂಗಬೇಕು.

ಹೋದದ್ದು ಇದು. 1970ರ ಗುತ್ತಿಗೆ ಕಾರ್ಮಿಕರ ಕಾಯಿದೆ 20 ಅಥವಾ ಹೆಚ್ಚು ಗುತ್ತಿಗೆ ಆಳುಗಳಿದ್ದ ಕಡೆ ಅನ್ವಯಿಸುತ್ತಿತ್ತು. ಗುತ್ತಿಗೆದಾರ ಕೂಲಿ ಕೊಡದಿದ್ದರೆ ಮೂಲ ಮಾಲೀಕನೇ ಕೊಡಬೇಕೆಂಬ ಕಲಮು ಅದರಲ್ಲಿತ್ತು. ಹೊಸ ಸುರಕ್ಷತಾ ಸಂಹಿತೆಯಲ್ಲೂ ಆ ಕಲಮು ಉಳಿದಿದೆ, ಆದರೆ ಲೆಕ್ಕ 20ರಿಂದ 50ಕ್ಕೆ ಏರಿದೆ. ನಮ್ಮಂಥ ಊರಿನಲ್ಲಿ 50 ಗುತ್ತಿಗೆ ಆಳು ಇಟ್ಟು ವೈರಿಂಗು ಮಾಡಿಸುವವರು ಯಾರಿದ್ದಾರೆ? ಐದು, ಆರು, ಹತ್ತು ಜನರ ಕೆಲಸವೇ ಇಲ್ಲಿ ನಡೆಯುವುದು. ಅಂಥವರಿಗೆ ಆ ಬಾಗಿಲು ಮುಚ್ಚಿದೆ.

ಬಂದದ್ದು ಎರಡು. ವೇತನ ಸಂಹಿತೆಗೆ ಇಷ್ಟು ಜನ ಇರಬೇಕೆಂಬ ಕಟ್ಟಿಲ್ಲ. ಉದ್ಯೋಗದಾತ ಕೂಲಿ ಕೊಡದೆ ಹೋದರೆ ಆ ಸಂಸ್ಥೆಯ ಒಡೆಯ ಹೊಣೆ ಎಂದು ಅದರಲ್ಲಿದೆ. ಎರಡನೆಯದು, ಸಾಮಾಜಿಕ ಭದ್ರತಾ ಸಂಹಿತೆ ನೌಕರ ಎಂಬ ಪದಕ್ಕೆ ಕೊಟ್ಟ ಅರ್ಥದಲ್ಲಿ, ನೇರವಾಗಿ ನೇಮಕವಾದವನ ಜೊತೆಗೆ ಗುತ್ತಿಗೆದಾರನ ಮೂಲಕ ಬಂದವನೂ ಸೇರಿದ್ದಾನೆ. ಕಲ್ಕತ್ತೆಯ ಕೂಲಿಗಳನ್ನು ಸೋಲಿಸಿದ ಆ ಮೇಲ್ವಿಚಾರಣೆಯ ಷರತ್ತು ಈ ಅರ್ಥವಿವರಣೆಯಲ್ಲಿಲ್ಲ. ಇದು ಸಣ್ಣ ಮಾತಲ್ಲ. ಆದರೆ ಪುಸ್ತಕದಲ್ಲಿರುವ ಹಕ್ಕು ತಾನಾಗಿ ನಡೆದು ಮನೆಗೆ ಬರುವುದಿಲ್ಲ. ಹೆಸರು ಬರೆಸಿದವನಿಗೆ ಮಾತ್ರ ಬರುತ್ತದೆ.

ಕೆಲವು ಮಿತ್ರರು, "ಗುತ್ತಿಗೆ ಎಂಬುದೇ ನಾಟಕ ಎಂದು ಕೋರ್ಟಿಗೆ ಹೋದರೆ ಗಿರಣಿಯ ಖಾಯಂ ನೌಕರರಾಗುವುದಿಲ್ಲವೇ?" ಎನ್ನುತ್ತಾರೆ. ದಾರಿ ಇದೆ, ಆದರೆ ಉದ್ದದ ದಾರಿ. 1978ರಲ್ಲಿ ಕೋಳಿಕೋಡಿನ ಹಗ್ಗದ ಕಾರ್ಖಾನೆಯ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರರು, ಗುತ್ತಿಗೆದಾರನೆಂಬ ಪರದೆ ಸರಿಸಿ ಹಿಂದಿರುವ ನಿಜವಾದ ಧಣಿಯನ್ನು ನೋಡಬೇಕೆಂದರು. 2001ರಲ್ಲಿ ಉಕ್ಕು ಪ್ರಾಧಿಕಾರದ ಮೊಕದ್ದಮೆಯಲ್ಲಿ ಐವರು ನ್ಯಾಯಮೂರ್ತಿಗಳ ಪೀಠ, ಗುತ್ತಿಗೆ ರದ್ದಾದ ಮಾತ್ರಕ್ಕೆ ಆಳುಗಳು ಖಾಯಮ್ಮಾಗುವುದಿಲ್ಲ, ಗುತ್ತಿಗೆ ಹುಸಿಯೆಂದು ಕೈಗಾರಿಕಾ ನ್ಯಾಯಾಲಯದಲ್ಲಿ ಸಾಬೀತಾದರೆ ಮಾತ್ರ ಎಂದಿತು. ಸಾಬೀತು ಮಾಡಲು ಕಾಗದ ಬೇಕು. ಮತ್ತೆ ಬಂದು ನಿಲ್ಲುವುದು ಕಾಗದದ ಬಾಗಿಲಿಗೇ.

ಒಂದು ಲೆಕ್ಕ

ನಾವು ಹಿಂದೆ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಆದ್ದರಿಂದ ಒಂದು ಲೆಕ್ಕ ಮಾಡೋಣ. ಇ.ಎಸ್.ಐ. ಇಲ್ಲದ ಕೆಲಸಗಾರ ಕೆಲಸದಲ್ಲಿ ಸತ್ತರೆ, 1923ರ ಪರಿಹಾರ ಕಾಯಿದೆಯಂತೆ ತಿಂಗಳ ಕೂಲಿಯ ಅರ್ಧವನ್ನು ವಯಸ್ಸಿಗೆ ತಕ್ಕ ಒಂದು ಅಂಕಿಯಿಂದ ಗುಣಿಸುತ್ತಿದ್ದರು. ಈಗಿನ ಸಂಹಿತೆಯಲ್ಲೂ ಲೆಕ್ಕದ ಕ್ರಮ ಅದೇ. 30 ವರ್ಷದವನಿಗೆ ಹಳೆಯ ಕೋಷ್ಟಕದ ಅಂಕಿ 207.98. ಅವನು ತಿಂಗಳಿಗೆ 15,000 ರೂಪಾಯಿ ದುಡಿಯುವವನು ಎಂದಾದರೆ, ಅರ್ಧ 7,500. ಗುಣಿಸಿದರೆ 15,59,850 ರೂಪಾಯಿ. ಆದರೆ ಧಣಿ ಪುಸ್ತಕದಲ್ಲಿ 8,000 ಎಂದು ಬರೆದು ಉಳಿದದ್ದನ್ನು ಕೈಯಲ್ಲಿ ಕೊಡುತ್ತಿದ್ದರೆ? ಅರ್ಧ 4,000, ಗುಣಿಸಿದರೆ 8,31,920. ಒಂದು ಸುಳ್ಳು ಅಂಕಿಯಿಂದ ಆ ಮನೆಗೆ ಏಳು ಲಕ್ಷಕ್ಕೂ ಮಿಕ್ಕಿ ನಷ್ಟ. ಇನ್ನು ಯಾವ ಪುಸ್ತಕದಲ್ಲೂ ಹೆಸರೇ ಇಲ್ಲದಿದ್ದರೆ ವರ್ಷಗಟ್ಟಲೆ ಅಲೆದಾಟ. ಇ.ಎಸ್.ಐ. ಇದ್ದವನ ಮನೆಗೆ ಇಡಿಗಂಟಿನ ಬದಲು ತಿಂಗಳು ತಿಂಗಳು ಹಣ ಬರುತ್ತದೆ. ಅವಲಂಬಿತರೆಲ್ಲರಿಗೂ ಸೇರಿ ಅವನ ಕೂಲಿಯ ನೂರಕ್ಕೆ 90 ಪಾಲಿನ ಲೆಕ್ಕದಲ್ಲಿ. ಅದಕ್ಕೂ ಹೆಸರು ನೋಂದಣಿಯಾಗಿರಬೇಕು.

ಇದೇ ಪರಿಹಾರದ ಕಾನೂನಿನಲ್ಲಿ ನಾವು ಮರೆಯಬಾರದ ಒಂದು ಸೂತ್ರವಿದೆ. ತನ್ನ ಕಸುಬಿನ ಭಾಗವಾದ ಕೆಲಸವನ್ನು ಇನ್ನೊಬ್ಬರಿಗೆ ಗುತ್ತಿಗೆ ಕೊಟ್ಟವನು, ಆ ಗುತ್ತಿಗೆದಾರನ ಆಳಿಗೆ ಅಪಘಾತವಾದರೆ ತಾನೇ ಪರಿಹಾರ ಕೊಡಬೇಕು; ಆಮೇಲೆ ಗುತ್ತಿಗೆದಾರನಿಂದ ವಸೂಲು ಮಾಡಿಕೊಳ್ಳಬಹುದು. ದೊಡ್ಡ ವಿದ್ಯುತ್ ಕಂತ್ರಾಟುದಾರ ಸಣ್ಣವನಿಗೆ ತುಂಡು ಗುತ್ತಿಗೆ ಕೊಟ್ಟರೆ ಈ ಸೂತ್ರ ಅವನ ಕೊರಳಿಗೆ ಬೀಳುತ್ತದೆ. ಲೈನ್ ಕೆಲಸ ಹೊರಗೆ ಕೊಟ್ಟ ವಿದ್ಯುತ್ ಕಂಪನಿಗೂ ಅಷ್ಟೆ. ಬಟ್ಟೆ ಅಂಗಡಿಯವನಿಗೆ ವೈರಿಂಗು ಕಸುಬಲ್ಲ, ಆದ್ದರಿಂದ ಈ ಸೂತ್ರ ಅವನನ್ನು ಸುಲಭಕ್ಕೆ ಹಿಡಿಯದು.

ಪೇಟೆಯ ಮಿತ್ರರಿಗೆ

ಇಷ್ಟು ಕೇಳಿ ಅಂಗಡಿಯವರು ನಿರಾಳವಾಗಿ ಉಸಿರು ಬಿಡಬಾರದು. ವಿದ್ಯುತ್ತಿನ ನಿಯಮ ನಿಮ್ಮನ್ನೂ ಹಿಡಿಯುತ್ತದೆ. ಲೈಸೆನ್ಸಿಲ್ಲದವರಿಂದ ಕೆಲಸ ಮಾಡಿಸಬಾರದೆಂಬ ಮಾತು ಗ್ರಾಹಕನ ಜಾಗದಲ್ಲಿ ನಡೆಯುವ ಕೆಲಸಕ್ಕೇ ಹೇಳಿದ್ದು. ಐನೂರು ರೂಪಾಯಿ ಉಳಿಯುತ್ತದೆಂದು ಮೊಹರು ಬಾಡಿಗೆಯ ಮೇಸ್ತ್ರಿಯನ್ನು ಕರೆದರೆ, ಮಳಿಗೆ ಸುಟ್ಟ ದಿನ ವಿಮೆಯವರು ಮೊದಲು ಕೇಳುವುದು ಕೆಲಸ ಮಾಡಿದವರು ಯಾರು ಎಂದು. ಗಿರಣಿಯ ಕೂಲಿಗೂ ಪೇಟೆಯ ಸಣ್ಣ ವ್ಯಾಪಾರಿಗೂ ಇಲ್ಲಿ ಹಿತ ಒಂದೇ. ಕಾಗದ ಸರಿಯಿದ್ದರೆ ಅವನ ಜೀವವೂ ನಿಮ್ಮ ಮಳಿಗೆಯೂ ಉಳಿಯುತ್ತವೆ.

ಮಾಡಬೇಕಾದ್ದು

ಹಾಗಾದರೆ ಏನು ಮಾಡೋಣ? ಕೆಲಸ ಶುರುವಾಗುವ ಮುಂಚೆ ಒಂದು ಹಾಳೆಯಲ್ಲಿ ಐದು ಸಂಗತಿ ಬರೆಸಿರಿ. ಒಂದು, ಯಾರ ಲೈಸೆನ್ಸು, ಅದರ ನಂಬರೇನು, ಅವಧಿ ಎಂದಿನವರೆಗೆ. ಎರಡು, ಮೇಲ್ವಿಚಾರಕನ ಹೆಸರೇನು. ಅವನು ಜಾಗ ಬಿಟ್ಟು ಹೋದರೆ ಕೆಲಸ ನಿಲ್ಲುತ್ತದೆಯೇ. ಮೂರು, ಪ್ರತಿ ಆಳಿನ ಹೆಸರು, ಅವನು ಯಾರ ಪಗಾರ ಪಟ್ಟಿಯಲ್ಲಿದ್ದಾನೆ, ನಿಜವಾದ ಕೂಲಿ ಎಷ್ಟು. ನಾಲ್ಕು, ಇ.ಎಸ್.ಐ. ನಂಬರು, ಇಲ್ಲವಾದರೆ ಅಪಘಾತದ ವಿಮೆ ಯಾರ ಹೆಸರಿನಲ್ಲಿ. ಐದು, ಮೇನ್ ಸ್ವಿಚ್ಚಿನ ಹೊಣೆ ಯಾರದು. ಈ ಹಾಳೆಗೆ ಗಿರಣಿಯವರು, ಕಂತ್ರಾಟುದಾರ, ಆಳು ಕೊಟ್ಟವನು ಮೂವರೂ ಸಹಿ ಹಾಕಲಿ. ಒಂದು ಪ್ರತಿ ಕೆಲಸಗಾರನ ಹತ್ತಿರ ಇರಲಿ.

ಐದನೆಯದನ್ನು ಇನ್ನೊಮ್ಮೆ ಹೇಳುತ್ತೇವೆ. ಸ್ವಿಚ್ಚು ಆರಿಸಬೇಕು, ಅದಕ್ಕೆ ಬೀಗ ಹಾಕಬೇಕು, ಬೀಗದ ಕೈ ತಂತಿ ಹಿಡಿದವನ ಜೇಬಿನಲ್ಲಿರಬೇಕು. ಕರೆಂಟು ಇಲ್ಲವೆಂದು ಟೆಸ್ಟರಿನಿಂದ ನೋಡಿ, ಅರ್ಥ್ ಮಾಡಿದ ಮೇಲೆಯೇ ಕೈ ಹಾಕಬೇಕು. ಕೈಗವಸು, ರಬ್ಬರ್ ಬೂಟು, ಹೆಲ್ಮೆಟ್ಟು, ಬೆಲ್ಟು ಕೊಡಬೇಕೆಂದು ನಿಯಮದಲ್ಲೇ ಇದೆ. ಅವು ಯಾರ ದಾನವೂ ಅಲ್ಲ. ಕೊಡದಿದ್ದರೆ ಏಣಿ ಹತ್ತಬೇಡಿ. ಹತ್ತದವನನ್ನು ಕೆಲಸದಿಂದ ತೆಗೆದರೆ ಉಳಿದ ಐವರೂ ಕೆಳಗಿಳಿಯಿರಿ. ಸಂಘಟನೆ ಎಂದರೆ ಇದೇ.

ಅಪಘಾತವಾದರೆ ಮುಚ್ಚಿಡಲು ಬಿಡಬೇಡಿ. ಜೀವ ಹೋದರೆ ತಿಳಿದ 24 ಗಂಟೆಯೊಳಗೆ ವಿದ್ಯುತ್ ಪರಿವೀಕ್ಷಕರಿಗೆ ಸುದ್ದಿ ಹೋಗಬೇಕು; 48 ಗಂಟೆಯೊಳಗೆ ಲಿಖಿತ ವರದಿ ಹೋಗಬೇಕು. ಸಾವು ತಪ್ಪಿ ಬರೀ ಗಾಯವಾದರೂ ವರದಿ ತಪ್ಪುವಂತಿಲ್ಲ. ವಿಚಾರಣೆಯಲ್ಲಿ, "ಅಂದು ಮೇಲೆ ನಿಂತಿದ್ದವರು ಯಾರು?" ಎಂಬ ಪ್ರಶ್ನೆ ಬಂದಾಗ ಉತ್ತರ ಕೊಡಲು ಆ ಹಾಳೆ ಇರುತ್ತದೆ.

ಇನ್ನೊಂದು ಕೆಲಸ ನಮ್ಮದೇ. ಕೈಯಲ್ಲಿ ವಿದ್ಯೆಯಿದ್ದೂ ಕಾಗದವಿಲ್ಲದ ಹುಡುಗರು ಪ್ರತಿ ಓಣಿಯಲ್ಲಿದ್ದಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಅರ್ಜಿ ತುಂಬಿಸಿ, ಪರೀಕ್ಷೆಗೆ ಓದಿಸಿ, ಪರವಾನಗಿ ಕೊಡಿಸುವ ಹೊಣೆಯನ್ನು ಸಂಘವೇ ಹೊರಬೇಕು. ಸಂಜೆ ಪಾಠ ಹೇಳಲು ನಾವು ಸಿದ್ಧರಿದ್ದೇವೆ. ಸೀಮೆಸುಣ್ಣ ಹಿಡಿದ ಕೈ ಇನ್ನೂ ಮರೆತಿಲ್ಲ. ಸ್ವಂತ ಪರವಾನಗಿ ಇದ್ದವನು ಯಾರ ಮೊಹರಿಗೂ ಬಾಡಿಗೆ ತೆರಬೇಕಿಲ್ಲ.

ಬಂಧುಗಳೇ, ಹೊಸ ಕಾನೂನು ಬೇಕೆಂದು ಕೇಳೋಣ, 50ರ ಲೆಕ್ಕ ಇಳಿಸಬೇಕೆಂದು ಒತ್ತಾಯಿಸೋಣ, ಆಳಿನ ಮೇಲೆ ನಿಂತು ಆಜ್ಞೆ ಮಾಡಿದವನೂ ಪರಿಹಾರದಲ್ಲಿ ಪಾಲು ಹೊರಬೇಕೆಂದು ಬರೆಸೋಣ. ಅದು ಬರುವ ತನಕ ಒಂದು ಹಾಳೆ, ಮೂರು ಸಹಿ, ಒಂದು ಬೀಗ ಇವು ನಮ್ಮ ಕೈಯಲ್ಲೇ ಇವೆ. ನಾಳೆ ಬೆಳಿಗ್ಗೆ ಗೇಟಿನಲ್ಲಿ ಕೇಳಲು ಶುರುಮಾಡಿ.